ಮೂಗಿನ ನಲ್ಲಿ ಬರೆದವನು ನಾನು

೯ ಜೂನ್ ೧೯೬೩, ಭಾನುವಾರ. ಬೆಳಗ್ಗೆ ಏಳೂ ಹತ್ತಕ್ಕೆ ಈ ಪತ್ರಿಕೆಗೆ ಬರೆಯಲು ಕೂತೆ.

ಆರು ವರ್ಷದ ಹಿಂದೆ ನಮ್ಮೂರ ವಾಚನಾಲಯದ ಹಲಗೆಗೆ ಪುರಸಭೆ ಅಧ್ಯಕ್ಷರ ವ್ಯಂಗ್ಯಚಿತ್ರ ಅಂಟಿಸಿದವನು ನಾನು. ಡ್ರಾಯಿಂಗ್ ಮೇಷ್ಟ್ರು ನಂಜುಂಡಯ್ಯನವರಲ್ಲ. ಊರಿನ ಹೆಸರು ಬೇಡ — ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸು ನಿಲ್ಲುವ ಊರು, ಅಷ್ಟು ಸಾಕು.

ಆಗ ನನಗೆ ಇಪ್ಪತ್ತೊಂದು. ಅದೇ ಪುರಸಭೆಯಲ್ಲಿ ಗುಮಾಸ್ತ. ಸಭೆಯ ನಡಾವಳಿ ಬರೆಯುತ್ತಲೇ ನನ್ನ ಡೈರಿಯಲ್ಲಿ ಇನ್ನೊಂದು ಎಣಿಕೆ ಇಡುತ್ತಿದ್ದೆ — ಯಾವ ಸದಸ್ಯರು ಎಷ್ಟು ಸಲ "ತಾವು ಹೇಳಿದ್ದೇ ಸರಿ ಸ್ವಾಮಿ" ಅಂದರು ಎಂದು. ಒಂದು ಸಭೆಯಲ್ಲಿ ನಲವತ್ತೊಂದಾಯಿತು. ಅವತ್ತು ಅಧ್ಯಕ್ಷರು ಆಡಿದ್ದೇ ಹನ್ನೆರಡು ಮಾತು. ಹದಿನಾಲ್ಕು ಸಲ ಅಂದವರ ಬೀದಿಗೆ ಮಾರನೇ ವಾರವೇ ನಲ್ಲಿ ಬಂತು. ನಾಲ್ಕು ಸಲ ಅಂದವರ ಬೀದಿಗೆ ಇವತ್ತಿಗೂ ಬಂದಿಲ್ಲ.

ಅದನ್ನೇ ಬರೆದೆ. ಅಧ್ಯಕ್ಷರ ಮೂಗೇ ನಲ್ಲಿ. ಶಾಲು ಹೊದ್ದ ಸದಸ್ಯರು ಬೆನ್ನ ಮೇಲೆ ಬಿಂದಿಗೆ ನಿಲ್ಲುವಷ್ಟು ಬಗ್ಗಿ ಸಾಲು ನಿಂತಿದ್ದಾರೆ. ಊರೆಲ್ಲ ನಕ್ಕಿತು. ಅಧ್ಯಕ್ಷರು ಚಿತ್ರವನ್ನು ಮೇಜಿನ ಮೇಲಿಟ್ಟು ಗುರುಗುಟ್ಟಿದರು. ಹಿರಿಯ ಸದಸ್ಯರೊಬ್ಬರು ಸಮಾಧಾನಕ್ಕೆ ಬಂದರು:

"ಇದು ತಾವಲ್ಲ ಬಿಡಿ ಸ್ವಾಮಿ. ತಮ್ಮ ಮೂಗು ಇದಕ್ಕಿಂತ ದೊಡ್ಡದು!"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನಯ್ಯಾ, ಎಲ್ಲಾದಕ್ಕೂ ಪಟ್ಟಿ ಮಾಡೋನು ನೀನು. ಇದನ್ನ ಬರೆದೋನು ಯಾರು ಅಂತ ಒಂದು ಪಟ್ಟಿ ಮಾಡ್ಕೊಂಡು ಬಾ."

ನಾನೇ ಎನ್ನಲು ಬಾಯಿ ತೆರೆದೆ. ಹೊರಬಂದದ್ದು — "ತಾವು ಹೇಳಿದ್ದೇ ಸರಿ ಸ್ವಾಮಿ." ಅದೊಂದನ್ನು ನಾನು ಎಣಿಸಲಿಲ್ಲ.

ಊರಲ್ಲಿ ಚಿತ್ರ ಬರೆಯಬಲ್ಲವರು ಒಂಬತ್ತು ಜನ. ಗೆರೆ ಎಳೆದ ಹಾಳೆಯಲ್ಲಿ ಒಬ್ಬೊಬ್ಬರನ್ನೇ ಕಾರಣ ಸಮೇತ ಹೊಡೆದುಹಾಕಿದೆ. ಬೋರ್ಡು ಬರೆಯುವವನು ಆ ದಿನ ಮೇಲೂರಿನಲ್ಲಿದ್ದ. ಇನ್ನೊಬ್ಬರಿಗೆ ಕಣ್ಣಿನ ಪೊರೆ. ಪಟ್ಟಿ ಮಾಡಿದವನ ಹೆಸರು ಪಟ್ಟಿಯಲ್ಲಿ ಇರಬಾರದೆಂಬುದು ಕಚೇರಿಯ ಪದ್ಧತಿ. ಕೊನೆಗೆ ಉಳಿದದ್ದು ಮೇಷ್ಟ್ರ ಹೆಸರೊಂದೇ. ಬೇಕೆಂದು ಉಳಿಸಲಿಲ್ಲ — ಅಲ್ಲ, ಉಳಿಯುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಸಹಿ ಮಾಡಿದೆ.

ಪುರಸಭೆಯ ಹೈಸ್ಕೂಲಿನಲ್ಲಿ ಅವರ ಕೆಲಸ ಆ ತಿಂಗಳು ಖಾಯಂ ಆಗಬೇಕಿತ್ತು. ಅದರ ಬದಲು, ಊರಿನ ಬಾಗಿಲುಗಳಿಗೆಲ್ಲ ಮನೆ ನಂಬರು ಬರೆಯಲು ಹಚ್ಚಿದರು.

ಹತ್ತೊಂಬತ್ತನೇ ದಿನ ಬಣ್ಣದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಎಂಟನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರು. ನೂರ ಹದಿನಾಲ್ಕು ಎಂದು ಸಾವಕಾಶವಾಗಿ ಬರೆಯುತ್ತ, ತಿರುಗದೆಯೇ ಕೇಳಿದರು:

"ಅಷ್ಟು ಜನ ಸದಸ್ಯರಲ್ಲಿ ಒಬ್ಬನಿಗೂ ಕೈ ಇಲ್ವಲ್ಲೋ? ಶಾಲು ಹೊದಿಸಿ ಮುಚ್ಚಿಬಿಟ್ಟಿದ್ದೀಯ. ಸ್ಕೂಲಲ್ಲೂ ಹಿಂಗೇ ಮಾಡ್ತಿದ್ದೆ ನೀನು."

ಕೊನೆಯ ಅಂಕಿಯನ್ನು ಬರೆದು ಮುಗಿಸಿದರು.

"ಕೈ ಬರೆಯೋದು ಕಲಿಯಪ್ಪ. ಮಿಕ್ಕಿದ್ದೆಲ್ಲ ಚೆನ್ನಾಗೇ ಇದೆ," ಎಂದು ಪಕ್ಕದ ಬಾಗಿಲಿಗೆ ಹೋದರು. ಯಾರಿಗೂ ಹೇಳಲಿಲ್ಲ. ಊರಿನ ನಂಬರುಗಳು ಮುಗಿದ ಮಾರನೇ ದಿನ ಊರು ಬಿಟ್ಟರು.

ಹೆದರಿದ್ದೆ ಎಂದರೆ ನಿಜವೇ. ಆದರೆ ಮೇಷ್ಟ್ರಿಗೂ ಹೆದರಿಕೆ ಇದ್ದಿರಬೇಕು. ಅಧ್ಯಕ್ಷರು ಈಗಲೂ ಅವರೇ, ಗುಮಾಸ್ತ ಈಗಲೂ ನಾನೇ. ನಾಳೆ ಹತ್ತೂವರೆಗೆ ಇದರದೊಂದು ಪ್ರತಿಯನ್ನು ಸಹಿ ಹಾಕಿ ಅವರ ಮೇಜಿನ ಮೇಲಿಡುತ್ತೇನೆ.

ಮೇಷ್ಟ್ರು ತೊಂಡೇಬಾವಿಯಲ್ಲಿ ರೈಲಿಳಿದದ್ದನ್ನು ಕಂಡವರಿದ್ದಾರೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋದರೆಂದು ನನಗೆ ಗೊತ್ತಿಲ್ಲ. ಬಲ್ಲವರು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ, ವಿಳಾಸವಷ್ಟೇ ಸಾಕು. ವಿಷಯವನ್ನು ಅವರಿಗೆ ನೀವು ಹೇಳಬೇಡಿ — ಅದನ್ನು ನಾನೇ ಹೋಗಿ ಹೇಳಬೇಕು.