ಸಿನೂಸಿಯಾ ಎಂಬ ಬಳಗ

ನನ್ನ ಹತ್ತಿರ ಒಂದು ಶಬ್ದವಿತ್ತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ ಕಲಿತದ್ದು. ಗಜೇಂದ್ರಗಡಕ್ಕೆ ಮಾಸ್ತರನಾಗಿ ಬಂದ ಮೇಲೆ ಅದನ್ನು ಬಳಸಲು ಜಾಗವೇ ಸಿಗಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುತ್ತಾರಲ್ಲ, ಹಾಗೆ. ಪರೀಕ್ಷೆಗೆ ಬರುವ ಶಬ್ದವಲ್ಲವಾದ್ದರಿಂದ ಸಾಲೆಯ ಹುಡುಗರಿಗೂ ಅದು ಬೇಡವಾಗಿತ್ತು.

ಶಬ್ದ ಸಿನೂಸಿಯಾ. ಗ್ರೀಕರದ್ದು, ಕೂಡಿ ಇರುವುದು ಎಂದು ಅರ್ಥ. ಅಸೂಟಿ ಹಳ್ಳಿಯ ಕಡೆ ಹೊಲಕ್ಕೆ ಹೋಗಿ ಜೋಳದ ಬುಡದಲ್ಲಿ ಬಗ್ಗಿ ನೋಡಿದರೆ ಹಕ್ಕರಕಿ, ಗರಿಕೆ, ಕಿರಕಸಾಲಿ ಒತ್ತಾಗಿ ಬೆಳೆದಿರುತ್ತವೆ. ಒಂದರ ಕುಲ ಇನ್ನೊಂದಕ್ಕಿಲ್ಲ. ಆದರೆ ಎಲ್ಲಕ್ಕೂ ಅದೇ ಗೇಣೆತ್ತರ, ಅದೇ ನೆರಳು, ಅದೇ ಹಸಿ. ಹೀಗೆ ರಕ್ತಸಂಬಂಧವಿಲ್ಲದೆ ಒಂದೇ ಮಟ್ಟದಲ್ಲಿ ಬಾಳುವ ಗಿಡಗಳ ಗುಂಪಿಗೆ ಆ ಹೆಸರು. ಸಸ್ಯಶಾಸ್ತ್ರದ ಕುಲ, ಕುಟುಂಬಗಳೆಲ್ಲ ನಮ್ಮ ಕಡೆಯ ಹಿರಿಯರಂತೆ ‘ನೀ ಯಾರ ಪೈಕಿ?’ ಎಂದೇ ಕೇಳುತ್ತವೆ. ಇದೊಂದು ಮಾತ್ರ ‘ಯಾರ ಜೋಡಿ ಅದೀ?’ ಎನ್ನುತ್ತದೆ. ಅದಕ್ಕೇ ನನಗೆ ಇದರ ಮೇಲೆ ಪ್ರೀತಿ. ಊರಿಗೆ ಬಂದ ಹೊಸದರಲ್ಲಿ ಪೈಕಿ ಹೇಳಿ ಹೇಳಿ ನನಗೂ ಸಾಕಾಗಿತ್ತು.

ನಾನಿದ್ದದ್ದು ಒಂದು ಸಾಲುಮನೆಯಲ್ಲಿ. ಬಲಕ್ಕೆ ದರ್ಜಿ ಹುಸೇನಸಾಬರು, ಎಡಕ್ಕೆ ಖಾನಾವಳಿಯ ಪಾರ್ವತೆವ್ವ. ಮಳೆ ಬಂದರೆ ಮೂವರ ಮನೆಯೂ ಸಮನಾಗಿ ಸೋರುತ್ತಿತ್ತು. ಹುಸೇನಸಾಬರು ದೂರದಿಂದ ಹೊಟ್ಟೆಪಾಡಿಗೆ ಬಂದವರು. ಹೆಂಡತಿ ತೀರಿಕೊಂಡಿದ್ದರು, ಇದ್ದವಳು ಮಗಳು ಮಾಬುಬಿ ಒಬ್ಬಳೇ. ಅವಳನ್ನು ನೋಡಲು ನರಗುಂದದವರು ಬರುತ್ತಾರೆಂದಾಗ ಸಾಬರ ನಿದ್ದೆ ಹಾರಿತು. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಹೆಚ್ಚಾಗಿ ನೋಡುವುದು ಅವಳ ಹಿಂದಿರುವ ಬಳಗವನ್ನು. ಮೊದಲು ಬಂದ ಸಂಬಂಧವೊಂದು ಬಳಗವಿಲ್ಲವೆಂದೇ ತಪ್ಪಿಹೋಗಿತ್ತು.

‘ಸರ, ನೀವು ಬಂದು ಚಾಪಿ ಮ್ಯಾಲ ಕುಂದರ್ರಿ, ಸಾಕು. ಚಾಪಿ ಖಾಲಿ ಕಾಣಬಾರದು’ ಅಂದರು ಸಾಬರು.

ಹೀಗೆ ನಾನು ಚಾಪೆ ತುಂಬಲು ಹೋದೆ. ಹುಡುಗನ ಸೋದರಮಾವ ಗಟ್ಟಿ ಮನುಷ್ಯ. ಚಹಾವನ್ನು ಬಸಿಗೆ ಸುರಿದುಕೊಂಡು ನನ್ನತ್ತ ತಿರುಗಿ, ‘ನೀವು ಹುಡುಗಿಗೆ ಏನ್ ಆಗಬೇಕ್ರಿ?’ ಎಂದರು. ಬಾಜೂ ಮನೆಯವನು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವರ್ಷಗಟ್ಟಲೆ ಬಾಯೊಳಗೆ ಕಾದು ಕುಳಿತಿದ್ದ ಶಬ್ದ ಹೊರಗೆ ಬಿದ್ದೇಬಿಟ್ಟಿತು.

‘ಸಿನೂಸಿಯಾ ಆಗಬೇಕ್ರಿ.’

ಹುಸೇನಸಾಬರ ಮುಖ ಬಿಳಿಚಿಕೊಂಡಿತು. ಮಾತು ಮನೆ ಕೆಡಿಸಿತು ಎಂಬ ಗಾದೆ ನನಗೆ ಯಾವಾಗಲೂ ಮಾತಾಡಿದ ಮೇಲೇ ನೆನಪಾಗುವುದು. ಹಕ್ಕರಕಿ, ಗರಿಕೆ, ಜೋಳದ ನೆರಳು ಎಲ್ಲವನ್ನೂ ಬೆವರುತ್ತ ವಿವರಿಸಿದೆ. ಸೋದರಮಾವ ಸಮಾಧಾನದಿಂದ ಪೂರ್ತಿ ಕೇಳಿದರು.

‘ಅದೆಲ್ಲಾ ಖರೇ ಇರಬಹುದ್ರಿ. ನಾಳೆ ಗಂಡ ಹೆಂಡ್ತಿ ನಡುವ ಏನರ ತಕರಾರ ಬಂತಂದ್ರ, ಹೇಳಿ ಕಳಿಸಿದ್ರ ಈ ನಿಮ್ಮ ಮಂದಿ ಬರ್ತಾರೇನು?’

ಇದಕ್ಕೆ ನಾನು ಓದಿದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಗರಿಕೆ ಕರೆದರೆ ಹಕ್ಕರಕಿ ಬರುತ್ತದೆಯೇ ಎಂದು ಯಾವ ಪಂಡಿತನೂ ಬರೆದಿಲ್ಲ. ಒಳಬಾಗಿಲಿನಿಂದ, ಚಹಾ ಮಾಡಲು ಬಂದಿದ್ದ ಪಾರ್ವತೆವ್ವನ ದನಿ ಕೇಳಿತು.

‘ಯಾಕ ಬರೂದಿಲ್ರಿ? ಬಡಿಯೋ ರೊಟ್ಟಿ ಬಿಟ್ಟು ಬರ್ತೀನಿ. ಈ ಮಾಸ್ತರನ್ನೂ ಕರಕೊಂಡ ಬರ್ತೀನಿ.’

ಸೋದರಮಾವ ನಕ್ಕರು. ಆ ಸಂಜೆಯೇ ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚಿದರು.

ಮದುವೆಯಾಗಿ ವರ್ಷ ತುಂಬಿರಲಿಲ್ಲ, ನರಗುಂದದಿಂದ ಹೇಳಿ ಕಳಿಸಿದರು. ಅಳಿಯ ಮುನಿಸಿಕೊಂಡು ಮಾತು ಬಿಟ್ಟಿದ್ದಾನಂತೆ, ಮಾಬುಬಿ ಅಳುತ್ತಿದ್ದಾಳಂತೆ. ರವಿವಾರ ಹಾಯಾಗಿ ಮಲಗೋಣವೆಂದಿದ್ದವನ ಕದವನ್ನು ಪಾರ್ವತೆವ್ವ ಬಡಿದರು. ‘ಮಾಸ್ತರ, ಲಗೂ ಏಳ್ರಿ. ಮೋಟರ್ ಬರೂ ಹೊತ್ತಾತು.’ ಶಬ್ದದ ಅರ್ಥವನ್ನಷ್ಟೇ ತಿಳಿದವನು ಮನೆಯಲ್ಲಿ ಮಲಗಬಹುದು, ಬಳಸಿದವನು ಮೋಟಾರು ಹತ್ತಬೇಕು ಎಂಬುದು ನನಗೆ ಅಂದು ಗೊತ್ತಾಯಿತು.

ದಾರಿಯುದ್ದಕ್ಕೂ ಹುಸೇನಸಾಬರು ಕಿಟಕಿಯಾಚೆಗಿನ ಊರುಗಳನ್ನು ಎಣಿಸುತ್ತಿದ್ದರು. ಅಲ್ಲಿ ಹೋಗಿ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನರಗುಂದದ ಆ ಓಣಿಯಲ್ಲಿ ಮಾಬುಬಿ ಬಾಗಿಲಿಗೆ ಬಂದು, ಅಪ್ಪನ ಹಿಂದೆ ನಮ್ಮಿಬ್ಬರನ್ನೂ ಕಂಡವಳೇ ಕಣ್ಣೊರೆಸಿಕೊಂಡು, ಒಳಗಿದ್ದವರಿಗೆಲ್ಲ ಕೇಳುವಂತೆ ಕೂಗಿದಳು:

‘ನಮ್ಮ ಮಂದಿ ಬಂದ್ರು!’

ಆಮೇಲೆ ಆ ಗ್ರೀಕ್ ಶಬ್ದವನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ.