ನಿಂತ ಚಕ್ರದ ಫೋಟೋ

ನಮ್ಮತ್ತೆಯ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಕ್ಯಾಮೆರಾದೊಳಗೆ ಇಣುಕುವಾಗ ಆ ಕಣ್ಣನ್ನು ಮುಚ್ಚಿ ಮುಚ್ಚಿ ಅದು ಹಾಗಾಗಿತ್ತು. ತರಕಾರಿ ಆರಿಸುವಾಗಲೂ ಜಗಳ ಆಡುವಾಗಲೂ ತಾನಾಗಿಯೇ ಕಿರಿದಾಗುತ್ತಿತ್ತು. ನನ್ನನ್ನು ನೋಡಲು ನಮ್ಮ ಮನೆಗೆ ಬಂದ ದಿನವೂ ಹಾಗೇ ನೋಡಿದ್ದರು. ಅವರು ಹೋದಮೇಲೆ ನಮ್ಮಮ್ಮ, "ಆ ಹೆಂಗಸು ಎಂತ ಹಂಗೆ ದಿಟ್ಟಿಸೋದು?" ಅಂತ ಹೆದರಿದ್ದಳು. ಮದುವೆಯಾದ ಮೇಲೆ ನಾನು ಕೇಳಿಯೇಬಿಟ್ಟೆ.

"ನಿನ್ನ ಮುಖದ ಮೇಲೆ ಬೆಳಕು ಸರಿ ಬೀಳ್ತಿರ್ಲಿಲ್ಲ ಕಣೇ. ಕಿಟಕಿ ತೆಗೀರಿ ಅಂತ ನಿಮ್ಮಪ್ಪಂಗೆ ಹೇಳೋಣ ಅಂತಿದ್ದೆ. ನಿನ್ನ ಗಂಡ ಕಾಲು ತುಳಿದ" ಅಂದರು.

ಕೊಪ್ಪದ ಪೇಟೆಯಲ್ಲಿ ಅತ್ತೆಯದೊಂದು ಸ್ಟುಡಿಯೋ ಇತ್ತು. ಅದು ಮೊದಲು ಮಾವನದ್ದು. ನಾನು ಆ ಮನೆಗೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಯ ಊಟ ಮುಗಿಯುವ ಮೊದಲೇ ಮಾವನ ತಮ್ಮ, ಅಂದರೆ ನನ್ನ ಚಿಕ್ಕಮಾವ, "ಅತ್ತಿಗೆ, ಅಂಗಡಿ ಬಾಡಿಗೆಗೆ ಕೊಟ್ಟುಬಿಡಿ. ಮೊಬೈಲ್ ಅಂಗಡಿಯವರು ಕೇಳ್ತಿದ್ದಾರೆ. ನಿಮ್ಮ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು" ಅಂದರಂತೆ. ಅತ್ತೆ ಅವರ ಎಲೆ ನೋಡಿ, "ನಿಂಗೆ ಇನ್ನೊಂದು ಹೋಳಿಗೆ ಹಾಕ್ಲಾ? ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ನಾನು ತೆಗಿತೀನಿ" ಅಂದರಂತೆ. ಚಿಕ್ಕಮಾವ ಈ ಕತೆಯನ್ನು ಇವತ್ತಿಗೂ ತಮಗೆ ಅವಮಾನವಾದ ಕತೆಯಾಗಿ ಹೇಳುತ್ತಾರೆ. ಕೇಳಿದವರೆಲ್ಲ ಅತ್ತೆಯ ಪರವಾಗಿಬಿಡುವುದು ಅವರಿಗೆ ಇನ್ನೂ ಗೊತ್ತಾಗಿಲ್ಲ.

ಅಂಗಡಿ ತೆರೆದ ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಒಂದು ಬೋರ್ಡು ಬರೆಸಿದ್ದು: "ಇಲ್ಲಿ ಹೆಣದ ಫೋಟೋ ತೆಗೆಯುವುದಿಲ್ಲ."

ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಆಗೆಲ್ಲ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಸ್ಟುಡಿಯೋಗೆ ಜನ ಓಡಿಬರುತ್ತಿದ್ದರು. ಬದುಕಿದ್ದಾಗ ಒಂದೂ ಫೋಟೋ ತೆಗೆಸದ ಅಜ್ಜನನ್ನು ಕಂಬಕ್ಕೆ ಒರಗಿಸಿ, ದವಡೆ ಕಟ್ಟಿ, ಹಾರ ಹಾಕಿ ಕೂರಿಸುತ್ತಿದ್ದರು. ಗೋಡೆಯ ಮೇಲೆ ಕಡೆಗೆ ಉಳಿಯುತ್ತಿದ್ದುದು ಆ ಮುಖ. ಮಾವ ಅಂಥ ಫೋಟೋ ತೆಗೆಯುವಾಗ ಫ್ಲ್ಯಾಶ್ ಹಿಡಿದು ನಿಲ್ಲುತ್ತಿದ್ದವರು ಅತ್ತೆ. ನಿಂತು ನಿಂತು ಅವರಿಗೆ ಸಾಕಾಗಿಹೋಗಿತ್ತು.

ಬೋರ್ಡು ನೋಡಿ ಪೇಟೆಯಲ್ಲಿ ಗುಸುಗುಸು ಶುರುವಾಯಿತು. ಒಂದು ದೊಡ್ಡ ಮನೆಯವರು ಜೀಪು ಕಳಿಸಿದರು. ಅತ್ತೆ ಹೊಸ್ತಿಲಲ್ಲೇ ನಿಂತು, "ನಿಮ್ಮ ಯಜಮಾನ್ರು ಹೊಳೆಯಲ್ಲಿ ಈಜಾಡ್ತಿದ್ರು, ಎಲೆಯಡಿಕೆ ಹಾಕ್ಕೊಂಡು ಬಾಯ್ತುಂಬ ನಗ್ತಿದ್ರು. ಆವಾಗ ನನ್ನ ಎಂತಕ್ಕೆ ಕರೀಲಿಲ್ಲ?" ಅಂದರು. ಜೀಪು ಖಾಲಿ ಹೋಯಿತು. ಸಾವಿನ ಮನೆಯವರಿಗೆ ಆಡುವ ಮಾತೇ ಅದು? ಇಷ್ಟು ಬಿರುಸು ಬೇಡವಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಸೂತಕ ಕಳೆದಮೇಲೆ ಕರೆಯದೇ ಅದೇ ಮನೆಗೆ ಹೋಗಿ, ಅಂಗಳದಲ್ಲಿ ಹಪ್ಪಳ ಹರವಿ ಕಾಗೆಗೆ ಬೈಯುತ್ತಿದ್ದ ಅಲ್ಲಿನ ಅಜ್ಜಿಯ ಫೋಟೋ ತೆಗೆದು ಬಂದರು. ಅಜ್ಜಿಯ ಬಾಯಿ ತೆರೆದೇ ಇದೆ, ಕೋಲು ಮೇಲೆದ್ದಿದೆ. ಆ ಮನೆಯಲ್ಲಿ ಈಗಲೂ ನೆಂಟರಿಗೆ ತೋರಿಸುವುದು ಅದನ್ನೇ.

ನೀರಿನ ಗಿರಣಿಗಳ ಹುಚ್ಚು ಹತ್ತಿದ್ದು ಆಮೇಲೆ. ಅಥವಾ ಅದು ಮೊದಲಿಂದಲೂ ಒಳಗೇ ಇತ್ತೋ ಏನೋ. ಅತ್ತೆಯ ತವರು ನರಸಿಂಹರಾಜಪುರದ ಕಡೆಯ ಕಡಹಿನಬೈಲು. ಅಲ್ಲಿ ಹಳ್ಳದ ಪಕ್ಕ ಒಂದು ಗಿರಣಿ ಇತ್ತಂತೆ. ಮೇಲಿಂದ ನೀರು ಬಿದ್ದು ಆಳೆತ್ತರದ ಚಕ್ರ ತಿರುಗಿ, ಒಳಗೆ ಭತ್ತ ಅಕ್ಕಿಯಾಗುತ್ತಿತ್ತಂತೆ. ಮೂಟೆಯ ಮೇಲೆ ಕೂತು ಆ ಸದ್ದು ಕೇಳುತ್ತ ನಿದ್ದೆಹೋದದ್ದನ್ನು ಅತ್ತೆ ಎಷ್ಟು ಸಲ ಹೇಳಿದ್ದಾರೋ. ಕರೆಂಟಿನ ಗಿರಣಿ ಬಂದಮೇಲೆ ಚಕ್ರ ನಿಂತಿತು. ಯಾರೋ ಅದರದ್ದೊಂದು ಫೋಟೋ ತೆಗೆದರು. ಹಲಗೆಗಳ ಮೇಲೆ ಬಳ್ಳಿ ಹಬ್ಬಿದೆ, ಕೆಳಗೆ ನೀರಿಲ್ಲ. ಆಮೇಲೆ ಚಕ್ರವೂ ಹೋಯಿತು.

ಒಂದು ದಿನ ಆ ಫೋಟೋ ತೋರಿಸಿ ಅತ್ತೆ ಹೇಳಿದರು: "ಇದನ್ನ ನೋಡ್ಬಾರ್ದಿತ್ತು ಮಾರಾಯ್ತಿ. ಕಣ್ಮುಚ್ಚಿದ್ರೆ ಚಕ್ರ ತಿರುಗೋದು ಕಾಣ್ತಿತ್ತು. ಇದನ್ನ ನೋಡಿದ್ಮೇಲೆ ಬರೀ ಇದೇ ಕಾಣತ್ತೆ. ಹೆಣದ ಫೋಟೋ ಮಾಡೋದೂ ಇದನ್ನೇ. ಬದುಕಿದ್ದವರನ್ನ ನುಂಗಿಹಾಕತ್ತೆ."  ಆಮೇಲೆ ಫೋಟೋವನ್ನು ಮಗುಚಿ ಮೇಜಿನ ಮೇಲಿಟ್ಟರು.

ಹಾಗಾಗಿ ಅವರದ್ದೊಂದು ಹಟ: ತಿರುಗುವ ಚಕ್ರವಾದರೆ ಫೋಟೋ, ನಿಂತ ಚಕ್ರವಾದರೆ ಇಲ್ಲ. ಹಳೇ ಓಮ್ನಿ ಓಡಿಸುವವಳು ನಾನು. ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಸ್ಟ್ಯಾಂಡು, ಒಂದು ಕತ್ತಿ, ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದರೆ ಹಚ್ಚಲು ಸುಣ್ಣದ ಡಬ್ಬಿ, ಅವಲಕ್ಕಿ. ಮೇಗುಂದದ ಆಚೆಗೆ, ಶೃಂಗೇರಿಯ ಕಡೆಗೆ, ಎಲ್ಲಿ ಹಳೇ ಚಕ್ರವಿದೆ ಅಂತ ಕೇಳಿದರೂ ಅಂಗಡಿ ಮುಚ್ಚಿ ಹೊರಡುವುದೇ. ಒಂದು ಕಾಫಿ ತೋಟದಲ್ಲಿ ಹಿಂದೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಓಡಿಸುತ್ತಿದ್ದ ಕಬ್ಬಿಣದ ಚಕ್ರವಿತ್ತು. ಸುತ್ತ ಹಸಿರು ಗುಡ್ಡ, ಹಿಂದೆ ಝರಿ, ಮಂಜು ಬೇರೆ. ಕ್ಯಾಲೆಂಡರಿಗೆ ಹಾಕುವಂಥ ಜಾಗ. ಅತ್ತೆ ಚೀಲದ ಜಿಪ್ಪನ್ನೇ ತೆಗೆಯಲಿಲ್ಲ. ಮ್ಯಾನೇಜರನ ಹತ್ತಿರ, "ನೀರು ಬಿಡ್ತೀರಾ?" ಅಂತ ಕೇಳಿದರು. ಆತ ನಕ್ಕ. ನಾವು ಅವಲಕ್ಕಿ ತಿಂದು ವಾಪಸು ಬಂದೆವು.

"ಇಷ್ಟು ದೂರ ಬಂದು ಒಂದು ತೆಗೆದಿಟ್ಕೊಂಡ್ರೆ ಎಂತಾಗ್ತಿತ್ತು ಅತ್ತೆ?" ಅಂತ ನಾನು ದಾರಿಯುದ್ದಕ್ಕೂ ಗೊಣಗಿದೆ. ಅವರು ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತ ಕೂತಿದ್ದರು.

ಬಯಲುಸೀಮೆಯ ಮದುವೆಯೊಂದಕ್ಕೆ ಹೋಗುವಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಂಡವು. ನನ್ನ ಗಂಡ, "ಅಮ್ಮ, ಇವಂತೂ ತಿರುಗ್ತಿವೆ, ತೆಗಿ" ಅಂತ ತಮಾಷೆ ಮಾಡಿದರು. ಅತ್ತೆ ಕಾರು ನಿಲ್ಲಿಸಲು ಹೇಳಿ, ಇಳಿದು ನಿಜವಾಗಿಯೂ ತೆಗೆದರು. "ಚೆನ್ನಾಗಿವೆ. ಆದ್ರೆ ಇವಕ್ಕೆ ನನ್ನ ಹಂಗಿಲ್ಲ" ಅಂದರು.

ಅವರ ಹಂಗು ಬೇಕಾಗಿದ್ದದ್ದು ಅಡ್ಡಗದ್ದೆ ಹತ್ತಿರದ ಚಕ್ರಕ್ಕೆ. ಅಲ್ಲೊಬ್ಬರ ತೋಟದ ತಲೆಯಲ್ಲಿ, ಹಳ್ಳದ ಪಕ್ಕ, ಅವರಜ್ಜ ಕೂರಿಸಿದ ಗಿರಣಿ ಇತ್ತು. ಹಲಗೆಗಳು ಇನ್ನೂ ಗಟ್ಟಿಯಾಗಿದ್ದವು. ಹೆದ್ದಾರಿಯ ಬದಿಯಲ್ಲಿ ಹೋಂಸ್ಟೇ ಕಟ್ಟಿಸಿದ್ದ ಒಬ್ಬ ಆ ಚಕ್ರವನ್ನು ಕೊಳ್ಳಲು ಮಾತಾಡಿದ್ದ. ಗೇಟಿನ ಪಕ್ಕ ನಿಲ್ಲಿಸಿ, ಮೋಟಾರು ಕೂರಿಸಿ, ಬಣ್ಣದ ದೀಪ ಹಾಕುವ ಯೋಚನೆ. ಹೋಂಸ್ಟೇಯ ಬೋರ್ಡಿಗೆ ಬೇಕು ಅಂತ ಫೋಟೋ ತೆಗೆಯಲು ನಮ್ಮನ್ನು ಕರೆದವನೂ ಅವನೇ.

ಹೋಗಿ ನೋಡಿದರೆ ಚಕ್ರ ನಿಂತಿದೆ. ಅತ್ತೆಯ ಎಡಗಣ್ಣು ಕಿರಿದಾಯಿತು.

"ನಾನು ತೆಗೆಯಲ್ಲ" ಅಂದರು.

"ನೀವು ಸುಮ್ನೆ ಕ್ಲಿಕ್ ಮಾಡಿ ಮೇಡಂ. ತಿರುಗೋ ಥರ ಕಂಪ್ಯೂಟರಲ್ಲಿ ಮಾಡಿಸ್ಕೊಳ್ತೀನಿ."

"ಹಂಗಾದ್ರೆ ಚಕ್ರನೂ ಕಂಪ್ಯೂಟರಲ್ಲೇ ಮಾಡಿಸ್ಕೊ ಮಾರಾಯ. ಇದನ್ನ ಎಂತಕ್ಕೆ ಕೀಳ್ತೀಯ?" ಅಂದು ಅತ್ತೆ ಗಿರಣಿಮನೆಯ ಯಜಮಾನರ ಕಡೆ ತಿರುಗಿದರು. "ಯಜಮಾನ್ರೇ, ಕೊಡೋದು ಬಿಡೋದು ನಿಮ್ಮಿಷ್ಟ. ಕೊಡೋ ಮೊದಲು ಒಂದ್ಸಲ ತಿರುಗಿಸ್ತೀರಾ? ಕಡೇದಾಗಿ ಅದರ ಮುಖ ನೋಡೋಣ."

ಯಜಮಾನರು ತಲೆ ಕೆರೆದುಕೊಂಡರು. ಕಾಲುವೆ ಮುಚ್ಚಿಹೋಗಿದೆ, ನೀರು ತರುವ ದಂಬೆ ಕೊಳೆತುಹೋಗಿದೆ ಅಂದರು. ದಂಬೆ ಅಂದರೆ ಅಡಿಕೆ ಮರ ಸೀಳಿ, ಒಳಗಿನ ತಿರುಳು ಕೆತ್ತಿ ಮಾಡುವ ನೀರಿನ ದೋಣಿ. ಅತ್ತೆ ಬಿಡಲಿಲ್ಲ. ಮರುವಾರ ನಾವು ಮತ್ತೆ ಹೋದಾಗ ಯಜಮಾನರು, ಅವರ ತೋಟದ ಇಬ್ಬರು ಆಳುಗಳು, ಒಬ್ಬ ಹೆಂಗಸು ಸೇರಿ ಕಾಲುವೆ ಬಿಡಿಸಿದ್ದರು. ಹೊಸ ಮರ ಕಡಿಯಲು ಮನಸ್ಸಾಗದೆ ಗದ್ದೆಯಂಚಿನಲ್ಲಿದ್ದ ಹಳೇ ದಂಬೆಯನ್ನೇ ಹೊತ್ತು ತಂದು ಕಟ್ಟಿದ್ದರು. ಹೋಂಸ್ಟೇಯವನೂ ಬಂದು ಕೈಕಟ್ಟಿ ನಿಂತಿದ್ದ.

ನೀರು ಬಿಟ್ಟರು. ದಂಬೆಯ ತುದಿಯಿಂದ ನೀರು ಹಾರಿ ಹಲಗೆಗೆ ಬಡಿಯಿತು. ಚಕ್ರ ಒಮ್ಮೆ ನರಳಿತು, ಅಲುಗಿತು, ಆಮೇಲೆ ನಿಧಾನಕ್ಕೆ ಹೊರಟೇಬಿಟ್ಟಿತು. ಹಿಂದುಮುಂದಾಗಿ!

ದಂಬೆ ಗಿಡ್ಡವಾಗಿತ್ತು. ನೀರು ಚಕ್ರದ ನೆತ್ತಿ ದಾಟಿ ಆಚೆ ಬೀಳುವ ಬದಲು ಈಚೆಗೇ ಬೀಳುತ್ತಿತ್ತು. ಆಳು ಹೆಂಗಸು ಸೊಂಟ ಹಿಡಿದುಕೊಂಡು ನಕ್ಕಳು. "ಥೋ ಯಜಮಾನ್ರೇ, ಅಕ್ಕಿ ಹಾಕಿದ್ರೆ ಭತ್ತ ಬತ್ತದೆ ಈಗ!" ಯಜಮಾನರ ಮುಖ ಕೆಂಪಾಯಿತು. "ನಿಲ್ಸಿ, ನಿಲ್ಸಿ, ತಿದ್ದಿ ಬಿಡೋಣ" ಅಂದರು.

"ಯಾರೂ ಮುಟ್ಟಕೂಡದು!" ಅತ್ತೆ ಹಳ್ಳದ ನಡುವಿನಿಂದ ಕೂಗಿದರು. ಸೀರೆ ಮೇಲಕ್ಕೆ ಸಿಕ್ಕಿಸಿ ಮಂಡಿಯವರೆಗೆ ನೀರಿನಲ್ಲಿ ನಿಂತಿದ್ದರು. "ಯಾವ ಕಡೆಗಾದ್ರೂ ತಿರುಗಲಿ, ತಿರುಗ್ತಿದೆಯಲ್ಲ! ನಿಂತದ್ದಕ್ಕಿಂತ ಉಲ್ಟಾ ತಿರುಗಿದ್ದು ಸಾವಿರ ಪಾಲು ಮೇಲು!"

ಅವರು ಶಟರನ್ನು ನಿಧಾನಕ್ಕೆ ಇಟ್ಟು ತೆಗೆಯುತ್ತಿದ್ದರು. ಆಗ ಕಲ್ಲು, ಗೋಡೆ, ಮರ ಎಲ್ಲ ಸ್ಪಷ್ಟ ಬರುತ್ತದೆ. ಚಕ್ರ ಮಾತ್ರ ಮಸುಕಾಗುತ್ತದೆ. "ಮಸುಕಾದದ್ದೇ ಜೀವಂತ ಇರೋದು ಅಂತ ತಿಳ್ಕ" ಅಂತ ನನಗೆ ಹೇಳಿಕೊಟ್ಟಿದ್ದರು. ತೆಗೆದದ್ದಾದ ಮೇಲೆ ಕ್ಯಾಮೆರಾ ನನ್ನ ಕೈಗೆ ಕೊಟ್ಟು, ದಂಬೆಗೆ ಸಿಕ್ಕಿದ್ದ ಸೊಪ್ಪು ಬಿಡಿಸಲು ಓಡಿದರು. ಓಡುತ್ತಲೇ ತಿರುಗಿ ಯಜಮಾನರಿಗೆ ಏನೋ ಬೈದರು. ನಾನು ಬಟನ್ ಒತ್ತಿಬಿಟ್ಟೆ.

ತಮ್ಮ ಫೋಟೋ ತೆಗೆಸಿಕೊಳ್ಳದ ಹೆಂಗಸು ಅವರು. ಊರಿನವರ ಮುಖವೆಲ್ಲ ತೆಗೆದರೂ ಸ್ಟುಡಿಯೋದಲ್ಲಿ ತಮ್ಮದೊಂದೂ ಇರಲಿಲ್ಲ. ಸ್ಕ್ರೀನಿನಲ್ಲಿ ನೋಡಿದರು. ಹಿಂದೆ ಚಕ್ರ, ಮುಂದೆ ಅವರು, ಎರಡೂ ಮಸುಕು. ಎತ್ತಿದ ಕೈ, ಹಾರುವ ಸೆರಗು. ಬೈಯುತ್ತಿರುವ ಬಾಯಿ ಮಾತ್ರ ಹೇಗೋ ತಿಳಿಯುತ್ತದೆ.

"ಅಳಿಸ್ಬೇಡ ಕಣೇ" ಅಂದರು.

ಆ ದಿನ ಯಜಮಾನರು ಚಕ್ರವನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದರು. ಕಡೆಗೆ ಹೋಂಸ್ಟೇಯವನಿಗೆ, "ಇನ್ನೊಂದು ಮಳೆಗಾಲ ನೋಡ್ತೀನಪ್ಪ, ಆಮೇಲೆ ಹೇಳ್ತೀನಿ" ಅಂದರು. ನಮ್ಮ ಕಡೆ 'ಇಲ್ಲ' ಅನ್ನುವುದು ಹಾಗೆ. ಅಲ್ಲಿಂದಾಚೆ ಪ್ರತಿ ಮಳೆಗಾಲ ಕಳೆದಮೇಲೂ ಅವನು ಕೇಳುತ್ತಿದ್ದ, ಇವರು ಇನ್ನೊಂದು ಮಳೆಗಾಲ ಅನ್ನುತ್ತಿದ್ದರು. ಉದ್ದದ ದಂಬೆ ಬಂತು, ಚಕ್ರ ನೆಟ್ಟಗೆ ತಿರುಗಿತು. ನೀರು ಬಿಟ್ಟ ದಿನ ಅತ್ತೆ ಹೋಗದೆ ಇರುತ್ತಿರಲಿಲ್ಲ. ಎದೆಯ ಡಾಕ್ಟರು ಹಳ್ಳಕ್ಕೆ ಇಳಿಯಬೇಡಿ ಅಂದಮೇಲೂ ಇಳಿದರು. "ಮನೇಲಿ ಕೂತ್ರೆ ನಾನೂ ನಿಂತ ಚಕ್ರನೇ" ಅಂದರು. ನಾನು ಜಗಳ ಆಡಿದೆ. ಗೆಲ್ಲುವ ಆಸೆ ಇಟ್ಟುಕೊಂಡಿರಲಿಲ್ಲ.

ಹೋದ ವರ್ಷ, ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಲ್ಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಜಗಲಿಯಲ್ಲಿ ಮಲಗಿಸಿದ್ದೆವು. ಚಿಕ್ಕಮಾವ ಬಂದರು, ಅತ್ತರು. ಅಳು ಸುಳ್ಳಲ್ಲ. ಆಮೇಲೆ ಮೊಬೈಲ್ ತೆಗೆದು ಮುಖದ ಮೇಲಿನ ಬಟ್ಟೆ ಸರಿಸಿ, "ಗ್ರೂಪಿಗೆ ಹಾಕ್ಬೇಕು" ಅಂದರು.  ಮೊಬೈಲಿಗೆ ನನ್ನ ಕೈ ಅಡ್ಡ ಹಿಡಿದೆ.

"ಜೇಬಿಗೆ ಹಾಕ್ಕೊಳ್ಳಿ ಚಿಕ್ಕಮಾವ."

"ಕಡೇ ಫೋಟೋ ಅಲ್ವೇನೇ? ಬೇಡ ಅನ್ನೋಕೆ ನೀನ್ಯಾರು?"

"ಅವರ ಸೊಸೆ. ಈ ಮನೇಲಿ ಹೆಣದ ಫೋಟೋ ತೆಗೆಯೋದಿಲ್ಲ."

ಜನ ನೋಡುತ್ತಿದ್ದರು. ನೋಡಲಿ. ಚಿಕ್ಕಪ್ಪನೆದುರು ಯಾವತ್ತೂ ಬಾಯಿ ಬಿಡದ ನನ್ನ ಗಂಡ ಕೂತಲ್ಲಿಂದಲೇ, "ಬೇಡ ಚಿಕ್ಕಪ್ಪ" ಅಂದರು.

ಸಮಾರಾಧನೆ ಹತ್ತಿರ ಬಂದಾಗ ಮತ್ತೆ ಅದೇ ಗಲಾಟೆ. ಇಡಲು ಫೋಟೋ ಬೇಕು. ಚಿಕ್ಕಮಾವ ಆಧಾರ್ ಕಾರ್ಡಿನದ್ದನ್ನು ದೊಡ್ಡದು ಮಾಡಿಸೋಣ ಅಂದರು. ಆ ಕಾರ್ಡಿನಲ್ಲಿ ಇರುವುದು ನಮ್ಮತ್ತೆಯಲ್ಲ, ಪೊಲೀಸರು ಹಿಡಿದು ತಂದ ಯಾರೋ ಅಜ್ಜಿ. ನಾನು ಹಳ್ಳದ ಫೋಟೋವನ್ನೇ ಆಳುದ್ದ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಇಟ್ಟೆ. ಬಂದವರೆಲ್ಲ ಬಗ್ಗಿ ನೋಡಿದರು. "ಮುಖವೇ ಕಾಣಲ್ಲವಲ್ಲೇ, ಯಾರು ಅಂತ ಗೊತ್ತಾಗೋದು ಬೇಡ್ವಾ?" ಅಂತ ಚಿಕ್ಕಮಾವ ಎಲ್ಲರೆದುರು ಕೂಗಾಡಿದರು.

ಆಗ ಅಡ್ಡಗದ್ದೆಯ ಯಜಮಾನರು ಒಳಗೆ ಬಂದರು. ಫೋಟೋದೆದುರು ನಿಂತವರು ಮೊದಲು ನಕ್ಕರು. ನಕ್ಕು, ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಗೊತ್ತಾಗ್ದೇ ಎಂತ? ನಂಗೇ ಬೈತಿರೋದು ಇದು" ಅಂದರು.

ಚಿಕ್ಕಮಾವ ಊಟದ ಎಲೆ ಹಾಕಿಸಲು ಹೋದರು.

ಅದು ಈಗ ಸ್ಟುಡಿಯೋದ ಗೋಡೆಯ ಮೇಲಿದೆ, ಹಳೇ ಬೋರ್ಡಿನ ಪಕ್ಕದಲ್ಲಿ. ಕೂರುವವಳು ನಾನು. ನನ್ನ ಎಡಗಣ್ಣು ಚಿಕ್ಕದಾಗುತ್ತಿದೆ ಅಂತ ನನ್ನ ಗಂಡ ಅಣಕಿಸುತ್ತಾರೆ. ಹೋಂಸ್ಟೇಯವನು ಹೊಸದೊಂದು ಚಕ್ರ ಮಾಡಿಸಿ ಗೇಟಿಗೆ ನಿಲ್ಲಿಸಿದ್ದಾನೆ. ಮೋಟಾರು ಕೆಟ್ಟಿದೆಯಂತೆ, ಹಾಗೇ ಒಂದು ಫೋಟೋ ತೆಗೆದುಕೊಡಿ ಅಂತ ಮೊನ್ನೆ ಬಂದಿದ್ದ. ನಾವು ನಿಂತ ಚಕ್ರ ತೆಗೆಯೋದಿಲ್ಲ ಅಂದೆ. ಅವನಿನ್ನೂ ಬಾಗಿಲಲ್ಲಿ ವಾದ ಮಾಡುತ್ತಿದ್ದಾಗ ಅಡ್ಡಗದ್ದೆಯಿಂದ ಫೋನು ಬಂತು.

"ನೀರು ಬಿಟ್ಟಿದೀನಿ, ಬಾರಮ್ಮ."

ಪಾಸ್‌ಪೋರ್ಟ್ ಫೋಟೋಕ್ಕೆ ಇಬ್ಬರು ಕಾಯುತ್ತಿದ್ದರು. ನಾಳೆ ಬನ್ನಿ ಅಂದೆ. ಅಂಗಡಿಯ ಬಾಗಿಲು ಎಳೆದು ಓಮ್ನಿ ಹತ್ತಿದೆ.