ತಗಡಿನ ಆಚೆ ಕೂತು ಕೇಳಿದ ಧಾರಾವಾಹಿ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಕಂಪ್ಲಿ ಬಸ್ ನಿಲ್ದಾಣದ ಎದುರಿಗಿದ್ದ ಮಿರ್ಚಿ-ಮಂಡಕ್ಕಿ ಅಂಗಡಿಯ ಒಳಗೆ, ಬಾಗಿಲಿನಿಂದ ಬಂದರೆ ಎಡಕ್ಕೆ, ತಗಡಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಟಿವಿ ನನ್ನ ಎದುರಿನ ಗೋಡೆಯ ಮೇಲಿತ್ತು. ಅಂಗಡಿಯ ಮಾಲೀಕ ನನ್ನ ಬಲಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ದೀಪಾವಳಿ ಕಳೆದ ಮರುವಾರ. ಸಂಜೆಯ ಧಾರಾವಾಹಿ ಆಗಷ್ಟೇ ಶುರುವಾಗಿತ್ತು.

ಇದೆಲ್ಲ ಈಗ ನೆನಪಾದದ್ದು ಒಂದು ವಾಸನೆಯಿಂದ. ಹೋದ ವಾರ ಸಂಡೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ತಳ್ಳುಗಾಡಿಯವನು ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಎಣ್ಣೆಗೆ ಬಿಟ್ಟ. ಓಮದ ಘಾಟು ಮೂಗಿಗೆ ಬಡಿಯಿತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ...

ಆ ಅಂಗಡಿಯವನನ್ನು ಊರೆಲ್ಲ ದೊಡ್ಡಾತ ಎನ್ನುತ್ತಿತ್ತು. ತಗಡಿನ ಆಚೆ ಚಹಾ ಅಂಗಡಿ ಇಟ್ಟಿದ್ದ ಅವನ ತಮ್ಮ ಸಣ್ಣಾತ. ನಾನಾಗ ಕಂಪ್ಲಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮನೆ ಹೊಸಪೇಟೆಯಲ್ಲಿ. ಕೆಲಸ ಮುಗಿಸಿ ಬಸ್ಸು ಬರುವವರೆಗೆ ದೊಡ್ಡಾತನ ಅಂಗಡಿಯಲ್ಲಿ ನಿಲ್ಲುವುದು ನನ್ನ ರೂಢಿ.

ಅವರ ನಡುವೆ ಮಾತು ನಿಂತ ಕಥೆ ಎಲ್ಲರಿಗೂ ಗೊತ್ತಿತ್ತು. ತಾಯಿ ತೀರಿಕೊಂಡ ದಿನ ಸಣ್ಣಾತ ಯಶವಂತನಗರದ ಕಡೆ ಅದಿರಿನ ಲಾರಿ ಓಡಿಸುತ್ತಿದ್ದ. ಸುದ್ದಿ ಮುಟ್ಟಿ, ಗುಡ್ಡ ಇಳಿದು, ಬಸ್ಸು ಬದಲಿಸಿ ಬರುವುದು ತಡವಾಯಿತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಓಣಿಯ ಹಿರಿಯರು ಪಟ್ಟು ಹಿಡಿದರು. ದೊಡ್ಡಾತ ಹೂಂ ಎಂದು ತಲೆಯಾಡಿಸಿದ. ಸಣ್ಣಾತ ಬಂದಾಗ ಕುಣಿ ಮುಚ್ಚಿತ್ತು. ಅವ್ವನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಅಂದಿನಿಂದ ಅಣ್ಣನಿಗೆ ಅಣ್ಣ ಎನ್ನಲಿಲ್ಲ.

ಗಣಿ ಕೆಲಸ ನಿಂತ ಮೇಲೆ ಸಣ್ಣಾತ ಊರಿಗೆ ಬಂದು ಅಪ್ಪನ ಅಂಗಡಿಯಲ್ಲಿ ತನ್ನ ಅರ್ಧ ಕೇಳಿದ. ನಡುವೆ ತಗಡು ಎದ್ದಿತು. ಆದರೆ ಒಂದು ವಿಚಿತ್ರ. ದೊಡ್ಡಾತ ಎಂದೂ ಚಹಾ ಮಾಡಲಿಲ್ಲ, ಸಣ್ಣಾತ ಎಂದೂ ಬಾಣಲೆ ಇಡಲಿಲ್ಲ. ಹೊಸಬರು ಯಾರಾದರೂ ಚಹಾ ಕೇಳಿದರೆ ದೊಡ್ಡಾತ ಹೇಳುವನು: "ಇಲ್ಲಿ ಸಿಗಂಗಿಲ್ರಿ. ಬಾಜೂಕ ಹೋಗ್ರಿ. ಆದ್ರ ಆ ಚಹಾ ಕುಡುದ್ರ ಮತ್ತ ಈ ಕಡೆ ಬರಂಗಿಲ್ಲ ನೀವು, ಅಲ್ಲೇ ಕುಂದರ್ತೀರಿ." ಆಚೆ ಮಿರ್ಚಿ ಕೇಳಿದವರಿಗೆ ಸಣ್ಣಾತನ ಉತ್ತರ ಇನ್ನೂ ಚಿಕ್ಕದು: "ಅದನ್ನ ಮಾಡೋರು ಬ್ಯಾರೆ ಅದಾರ."

ಟಿವಿ ಇದ್ದದ್ದು ದೊಡ್ಡಾತನ ಕಡೆ. ಪ್ರತಿ ಸಂಜೆ ಒಲೆ ಆರಿಸಿ ಆತ ಒಂದೇ ಧಾರಾವಾಹಿ ಹಚ್ಚುತ್ತಿದ್ದ. ಅದೂ ಅಣ್ಣತಮ್ಮಂದಿರ ಕಥೆಯೇ. ಮನೆಯ ಹಿರಿಯರು ತಮ್ಮನನ್ನು ಹೊರಗೆ ಹಾಕುತ್ತಾರೆ, ಅಣ್ಣ ಬಾಯಿ ಮುಚ್ಚಿಕೊಂಡು ನಿಂತಿರುತ್ತಾನೆ. ಆಮೇಲೆ ವರ್ಷಗಟ್ಟಲೆ ಇಬ್ಬರೂ ಒಬ್ಬರಿಗೊಬ್ಬರು ಅಡ್ಡಗಾಲು ಹಾಕುತ್ತಾರೆ, ಮೂರನೆಯವನು ಕೈ ಎತ್ತಿದರೆ ಇಬ್ಬರೂ ಸೇರಿ ಅವನ ಮೇಲೆ ಬೀಳುತ್ತಾರೆ. ನಾನು ನೋಡಲು ಶುರು ಮಾಡಿದಾಗ ಆ ಕಥೆಯಲ್ಲಿ ತೊಟ್ಟಿಲಲ್ಲಿದ್ದ ಕೂಸು ಆ ದೀಪಾವಳಿಯ ಹೊತ್ತಿಗೆ ಕಾಲೇಜಿಗೆ ಹೋಗುತ್ತಿತ್ತು.

ಇಂಥ ಧಾರಾವಾಹಿಗಳಲ್ಲಿ ಮಾತು ಕಡಿಮೆ, ಮುಖಗಳೇ ಹೆಚ್ಚು. ತಗಡಿನ ಆಚೆ ಕೂತವನಿಗೆ ಬರೀ ವಾದ್ಯದ ಸದ್ದು ಕೇಳಿಸುತ್ತದೆ. ಅದಕ್ಕೇ ಇರಬೇಕು, ದೊಡ್ಡಾತ ಟಿವಿಯ ಸದ್ದು ಜೋರಾಗಿಟ್ಟು, ಪರದೆಯ ಮೇಲೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದ. "ಈಗ ತಮ್ಮ ಬಾಗಿಲದಾಗ ನಿಂತಾನ್ರಿ. ಒಳಗ ಬರವಲ್ಲ. ಅಣ್ಣ ಗೋಣು ಎತ್ತವಲ್ಲ."

ಬಾಗಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಹುಲಿಗೆಮ್ಮ ಒಮ್ಮೆ ಕೆಣಕಿದಳು. "ನಮಗೂ ಕಣ್ಣದಾವಪ್ಪ. ಯಾರಿಗೆ ಹೇಳಾಕತ್ತೀ?"

"ನಿನಗ ಕಣ್ಣು ಮಂಜಲ್ಲೇನಬೇ, ನಿನಗಽ ಹೇಳಾಕತ್ತೀನಿ."

"ನನ್ನ ಕಣ್ಣು ಈ ಕಡೆ ಅದಾವ. ನೀ ಮಾರಿ ಮಾಡಿದ್ದು ತಗಡಿನ ಕಡೆ."

ಎಲ್ಲರೂ ನಕ್ಕರು. ದೊಡ್ಡಾತನೂ ನಕ್ಕ. ಮರುದಿನ ಮತ್ತೆ ತಗಡಿನ ಕಡೆಗೇ ಹೇಳಿದ.

ಕೆಲವು ಸಂಜೆ ಆಚೆಯಿಂದ ಉತ್ತರವೂ ಬರುತ್ತಿತ್ತು. ನೇರವಾಗಿ ಅಲ್ಲ. ಒಂದು ದಿನ ದೊಡ್ಡಾತ ನಮಗೆಂಬಂತೆ ಹೇಳಿದ: "ಅಣ್ಣಂದೇನು ತಪ್ಪೈತ್ರಿ? ಹಿರೇರು ಹೇಳಿದ್ರು, ಕೇಳಿದ." ಆಚೆ ಸಣ್ಣಾತ ಚಹಾ ಕುಡಿಯುವವರಿಗೆಂಬಂತೆ ಹೇಳಿದ: "ಹಿರೇರು ಸಾವಿರ ಹೇಳ್ತಾರ. ತಮ್ಮ ಬರಾಕತ್ತ್ಯಾನ, ತಡೀರಿ ಅನ್ನಾಕ ಅಣ್ಣಗ ಬಾಯಿ ಇರಲಿಲ್ಲೇನು?"

ಧಾರಾವಾಹಿಯಲ್ಲಿ ಯಾರೂ ಎಲ್ಲಿಂದಲೂ ಬರುತ್ತಿರಲಿಲ್ಲ. ಅದು ಯಾರ ಮಾತೆಂದು ನಮಗೆಲ್ಲ ಗೊತ್ತಾಯಿತು. ದೊಡ್ಡಾತ ಟಿವಿಯ ಸದ್ದು ತಗ್ಗಿಸಿದ. ಆಮೇಲೆ, "ಬಾಯಿ ಇತ್ತು. ಧೈರ್ಯ ಇರಲಿಲ್ಲ," ಅಂದ. ಆಚೆ ಲೋಟ ತೊಳೆಯುವ ಸದ್ದು ನಿಂತಿತು. ಅಷ್ಟೇ. ಸಣ್ಣಾತ ಬರಲಿಲ್ಲ.

ಇನ್ನು ಆ ಸಂಜೆ.

ಧಾರಾವಾಹಿಯಲ್ಲಿ ಅಣ್ಣನ ಪಾತ್ರ ಮಾಡುತ್ತಿದ್ದವನು ಬದಲಾಗಿದ್ದ. ಅದೇ ಮನೆ, ಅದೇ ಹೆಂಡತಿ, ಅದೇ ಶಾಲು. ಮುಖ ಮಾತ್ರ ಬೇರೆ, ದನಿಯೂ ಬೇರೆ. ಅಂಗಡಿಯಲ್ಲಿ ಗದ್ದಲವೆದ್ದಿತು. ಆಟೋ ಓಡಿಸುವ ಖಾಜಾಸಾಬ ಮಂಡಕ್ಕಿಯ ತಟ್ಟೆ ಕೆಳಗಿಟ್ಟು, "ಇವನ್ಯಾರಲೇ ಹೊಸಾಬ? ಮೀಸಿ ಹಚ್ಚಿದ್ರ ಅಣ್ಣ ಆಗ್ತಾನೇನು?" ಅಂದ. "ಬಡವನ ಮನಿ ಆಳಿನಂಗ ಅದಾನ," ಅಂದಳು ಹುಲಿಗೆಮ್ಮ. ನಾವೆಲ್ಲ ದೊಡ್ಡಾತ ಏನು ಹೇಳುತ್ತಾನೋ ಎಂದು ಕಾದೆವು. ಆತ ಏನೂ ಹೇಳಲಿಲ್ಲ. ಟಿವಿಯನ್ನೇ ನೋಡುತ್ತಿದ್ದ.

"ಸಿಟ್ಟು ಬಂದೈತಿ ದೊಡ್ಡಾತಗ. ಮಾತು ಬಿಟ್ಟಾನ ನೋಡ್ರಿ," ಅಂದ ಖಾಜಾಸಾಬ. ನಾವು ನಕ್ಕೆವು. ನಾನೂ ನಕ್ಕೆ. ಇಷ್ಟು ವರ್ಷ ನೋಡಿದ ಮುಖವನ್ನು ಕಿತ್ತುಕೊಂಡರೆ ಮನುಷ್ಯ ಮುನಿಸಿಕೊಳ್ಳುತ್ತಾನೆ ಎಂಬುದು ನಮಗೆ ಸಹಜವಾಗಿಯೇ ಕಂಡಿತು. ನಮ್ಮ ಕಣ್ಣೆಲ್ಲ ಆ ಹೊಸಬನ ಮೇಲಿತ್ತು.

ಪರದೆಯ ಮೇಲೆ ಮಾತು ನಿಂತು ವಾದ್ಯದ ಸದ್ದು ಮಾತ್ರ ಉಳಿಯಿತು. ಹೇಳುವ ದನಿ ಇಲ್ಲ. ನನ್ನ ಬೆನ್ನ ಹಿಂದೆ, ತಗಡಿನ ಆಚೆ, ಸ್ಟೂಲು ಎಳೆದ ಸದ್ದು ಕೇಳಿಸಿತು. ಮುಂದಿನ ಗಳಿಗೆಯಲ್ಲಿ ಸಣ್ಣಾತ ನಮ್ಮ ಬಾಗಿಲಲ್ಲಿದ್ದ. ತಗಡು ಎದ್ದ ಮೇಲೆ ಆತ ಆ ಹೊಸ್ತಿಲ ಹತ್ತಿರ ಬಂದದ್ದನ್ನು ನಾನು ಕಂಡಿರಲಿಲ್ಲ. ಕೈಯಲ್ಲಿ ಚಹಾ ಸೋಸುವ ಅರಿವೆ ಹಾಗೇ ಇತ್ತು, ಹನಿ ಬೀಳುತ್ತಿತ್ತು.

"ಯಾಕ ಸುಮ್ಮಗದಾನ?" ಎಂದು ನಮ್ಮನ್ನು ಕೇಳಿದ.

"ಅಣ್ಣನ ಪಾತ್ರದಾಂವ ಬದಲಾಗ್ಯಾನಪಾ. ಅದಕ್ಕ ಮುನಿಸ್ಕೊಂಡಾನ," ಅಂದ ಖಾಜಾಸಾಬ.

ಸಣ್ಣಾತ ಅದನ್ನು ಕೇಳಿಸಿಕೊಳ್ಳಲಿಲ್ಲ. ಹುಲಿಗೆಮ್ಮನ ಬುಟ್ಟಿ ದಾಟಿ ಒಳಗೆ ಬಂದು, ಅಣ್ಣನ ಮುಂದೆ ಬಗ್ಗಿ ನಿಂತ. ಆಗ ನಾನು ತಿರುಗಿ ನೋಡಿದೆ. ದೊಡ್ಡಾತನ ಬಾಯಿ ಒಂದು ಕಡೆ ಜೋತಿತ್ತು. ಬಲಗೈ ಕುರ್ಚಿಯ ಹೊರಗೆ ತೂಗುತ್ತಿತ್ತು. ಕಣ್ಣು ಟಿವಿಯ ಕಡೆಗೇ ಇತ್ತು.

"ಅಣ್ಣಾ," ಅಂದ ಸಣ್ಣಾತ.

ಆಮೇಲೆ, ಮೆಲ್ಲಗೆ, "ಮುಂದೇನಾತು ಹೇಳೋ ಅಣ್ಣಾ," ಅಂದ.

ದೊಡ್ಡಾತನ ಕಣ್ಣು ಟಿವಿಯಿಂದ ಕದಲಿ ತಮ್ಮನ ಮುಖದ ಮೇಲೆ ಬಂತು. ಎಡಗೈ ಮೇಲೆದ್ದು ಸಣ್ಣಾತನ ಮಣಿಕಟ್ಟು ಹಿಡಿಯಿತು. ತುಟಿ ಅಲುಗಿತು, ಮಾತು ಬರಲಿಲ್ಲ. ನಾನು ಕಂಡದ್ದು ಇಷ್ಟು.

ನಾವು ನಾಲ್ಕೂ ಮಂದಿ ಸೇರಿ ಆತನನ್ನು ಖಾಜಾಸಾಬನ ಆಟೋಕ್ಕೆ ಎತ್ತಿದೆವು. ಸಣ್ಣಾತ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹೊಸಪೇಟೆ ಮುಟ್ಟುವ ಮೊದಲೇ ದಾರಿಯಲ್ಲಿ ಜೀವ ಹೋಗಿತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಸಣ್ಣಾತ ನಾನು ಕೆಲಸ ಮಾಡುತ್ತಿದ್ದ ಅಂಗಡಿಗೆ ಬಂದ. ಗೊಬ್ಬರದ ಚೀಲದ ಮೇಲೆ ಕೂತ. "ನೀವು ಬಾಜೂಕಽ ನಿಂತಿದ್ರಿ. ನಾ ಕರದದ್ದು ಆತಗ ಕೇಳಿಸ್ತೇನ್ರಿ?"

"ಖಾಜಾಸಾಬನ್ನ ಕೇಳಿದ್ರೇನು? ಆತ ಏನಂದ?"

"ಕೇಳಿಸ್ತು, ಗೋಣು ಹಾಕಿದ ಅಂತಾನ. ಆತ ಭಾಳ ಒಳ್ಳ್ಯಾಂವ. ಅದಕ್ಕಽ ನಿಮ್ಮನ್ನ ಕೇಳಾಕ ಬಂದೀನಿ."

ಹೌದು, ಕೇಳಿಸಿತು ಎಂದುಬಿಡುವುದು ಸುಲಭವಿತ್ತು. ನನ್ನಿಂದ ಆಗಲಿಲ್ಲ. ದೊಡ್ಡಾತ ಗೋಣು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣು ತಿರುಗಿದ್ದನ್ನು, ಕೈ ಹಿಡಿದದ್ದನ್ನು ಹೇಳಿದೆ. ಒಳಗೆ ಏನು ಕೇಳಿಸಿತು ಎಂದು ನಾನು ಹೇಗೆ ಹೇಳಲಿ ಅಂದೆ.

ಆತ ಮತ್ತೆ ಕೇಳಿದ: "ಮೊದ್ಲು ಕಣ್ಣು ಬಂತೋ, ನಾ ಮೊದ್ಲು ಕರದ್ನೋ?"

"ನೀವು ಕರದ್ರಿ. ಆಮ್ಯಾಲ ಕಣ್ಣು ಬಂತು."

"ಖರೇನೇನ್ರಿ?"

"ಖರೇನ. ಅಲ್ಲೀತನಕ ಟಿವಿ ಮ್ಯಾಲಿತ್ತು."

"ಹಂಗಾರ..." ಅಂದ. ಎದ್ದು ಹೋದ. ಆಮೇಲೆ ಎಷ್ಟೋ ವರ್ಷ, ನಾನು ಕೆಲಸ ಬಿಟ್ಟ ಮೇಲೂ, ಕಂಪ್ಲಿಗೆ ಹೋದಾಗಲೆಲ್ಲ ಚಹಾ ಕೊಟ್ಟು ಅದನ್ನೇ ಕೇಳುತ್ತಿದ್ದ. ನಾನು ಅದನ್ನೇ ಹೇಳುತ್ತಿದ್ದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ಪ್ರತಿ ಸಲವೂ ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದ.

ಈ ಬೇಸಿಗೆಯಲ್ಲಿ ಸಣ್ಣಾತನೂ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅಲ್ಲಿ ನೆಂಟರೊಬ್ಬರು, ಅಣ್ಣ ಸತ್ತ ಮೇಲೆ ಅಣ್ಣಾ ಅಂದವ ಈತ, ಬದುಕಿದ್ದಾಗ ಅನ್ನಲಿಲ್ಲ ಎಂದು ಹೇಳುತ್ತಿದ್ದರು. ಊರಲ್ಲಿ ಬಹಳ ಮಂದಿ ಹಾಗೇ ತಿಳಿದಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಅಂದು ನಾನು ಅವರನ್ನು ತಿದ್ದದೆ ಬಸ್ಸು ಹತ್ತಿ ಬಂದುಬಿಟ್ಟೆ. ನನ್ನನ್ನು ಕೇಳುತ್ತಿದ್ದವನು ಹೋದ ಮೇಲೆ ಇದನ್ನು ಯಾರಿಗೆ ಹೇಳುವುದೋ ತಿಳಿಯಲಿಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ.

ತಮ್ಮ ಕರೆದಾಗ ಅಣ್ಣನಿಗೆ ಜೀವವಿತ್ತು. ಮೊದಲು ಕರೆದದ್ದು, ಆಮೇಲೆ ಕಣ್ಣು, ಆಮೇಲೆ ಕೈ. ಇದನ್ನು ಕಂಡವರಲ್ಲಿ ಹುಲಿಗೆಮ್ಮ ಇನ್ನೂ ಇದ್ದಾಳೆ. ಕಣ್ಣು ಪೂರ್ತಿ ಹೋಗಿದೆ, ಹೂ ಕಟ್ಟುವುದನ್ನು ಬಿಟ್ಟಿಲ್ಲ. ಖಾಜಾಸಾಬ ಇದ್ದಾನೆ, ಮಗನ ಮನೆಯಲ್ಲಿ. ಮತ್ತೆ ನಾನಿದ್ದೇನೆ.